ಕತ್ತಿಯೊಡನೆ ತುಳಿದ ಸಪ್ತಪದಿ

ದಸರೆಯ ದಿನ ಬೆಳಿಗ್ಗೆ ಮಾಲಗಢದ ಸಿಲೇಖಾನೆಯಲ್ಲಿ, ಅಂದರೆ ಹಳೆಯ ಆಯುಧಶಾಲೆಯಲ್ಲಿ, ಗಾಜಿನ ಕಪಾಟುಗಳ ಬೀಗ ತೆಗೆಯುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಅದು ಟಿಕೆಟ್ಟು ಕೊಟ್ಟು ನೋಡುವ ಮ್ಯೂಸಿಯಂ. ಅಂದು ಮಾತ್ರ, ಹಿಂದೆ ಆಯುಧ ಕೊಟ್ಟ ಮನೆತನದವರು ಬಂದು ತಂತಮ್ಮ ಕತ್ತಿ, ಕಠಾರಿ, ಗುರಾಣಿಗಳಿಗೆ ಕುಂಕುಮದ ತಿಲಕವಿಟ್ಟು ಕೆಂಪು ದಾರ ಕಟ್ಟಿ ಹೋಗಬಹುದು. ಮಧ್ಯಾಹ್ನಕ್ಕೆ ಮತ್ತೆ ಬೀಗ. ಜಾಗೀರು ಹೋಗಿ ಎಷ್ಟೋ ಕಾಲವಾಯಿತು, ಕಟ್ಟಲು ಮನೆಯಲ್ಲಿ ಕುದುರೆಯೂ ಇಲ್ಲ. ಆದರೂ ಅಂದು ಕೇಸರಿ ಪೇಟ ಸುತ್ತಿ, ಮೀಸೆ ತಿರುವಿಕೊಂಡು, ಮುತ್ತಜ್ಜನ ಕತ್ತಿಯ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆಸಿಕೊಳ್ಳುವ ಗಂಡಸರಿಗೇನೂ ಬರವಿಲ್ಲ.

ಈ ಸಲ ಬಂದವರಲ್ಲಿ ಖೇಡಲಿಯ ರಾಠೋಡರ ಮನೆಯ ಇಬ್ಬರು ಹೆಂಗಸರಿದ್ದರು, ಇಬ್ಬರೂ ವಿಧವೆಯರು. ಹಿರಿಯ ಸೊಸೆ ಗುಮಾನ್ ಕಂವರ್ ಗಂಡನನ್ನು ಕಳೆದುಕೊಂಡದ್ದು ಹೋದ ವರ್ಷದ ಚಳಿಯಲ್ಲಿ. ಕಿರಿಯ ಸೊಸೆ ಸಾಯರ್ ಕಂವರ್ ಹದಿನೇಳರ ಹುಡುಗಿಯಾಗಿದ್ದಾಗಲೇ ವಿಧವೆಯಾದವಳು. ಈಗ ಅವಳ ತಲೆಯಲ್ಲಿ ಹುಡುಕಿದರೂ ಕರಿಕೂದಲು ಸಿಗದು. ಅವರನ್ನು ಜೀಪಿನಲ್ಲಿ ಕರೆತಂದವನು ಗುಮಾನ್ ಕಂವರಳ ಮಗ ನಾಹರ್ ಸಿಂಗ್, ಪಾಲಿಯಲ್ಲಿ ದನದ ಡಾಕ್ಟರು, ನಿವೃತ್ತಿಗೆ ಹತ್ತಿರದವನು.

ಸಾಯರ್ ಕಂವರಳಿಗೆ ಬೇಕಾಗಿದ್ದದ್ದು ಒಂದೇ. ತಾನು ಮದುವೆಯಾದ ಕತ್ತಿಯ ಮೇಲೆ ಸಾಯುವ ಮುಂಚೆ ಒಂದು ಸಲ ಕೈಯಿಡಬೇಕು, ತನ್ನ ಬೆರಳಿನಿಂದಲೇ ಅದಕ್ಕೆ ತಿಲಕವಿಡಬೇಕು. ಅಷ್ಟನ್ನು ಬಾಯಿಬಿಟ್ಟು ಕೇಳಲು ಅವಳಿಗೆ ಒಂದು ಜನ್ಮವೇ ಹಿಡಿಯಿತು. ಜೇಠ್, ಅಂದರೆ ಗಂಡನ ಅಣ್ಣ, ಬದುಕಿರುವವರೆಗೆ ಕೇಳುವ ಮಾತೇ ಇರಲಿಲ್ಲ. ಅವನು ತೀರಿಕೊಂಡು ವರ್ಷದ ವಿಧಿಯೆಲ್ಲ ಮುಗಿದ ಮೇಲೆ ಧೈರ್ಯ ಮಾಡಿ ನಾಹರನ ಮುಂದೆ ಹೇಳಿಕೊಂಡಳು. ಅವನು ಚಿಕ್ಕಮ್ಮನಿಗೆ, ಅದಕ್ಕೇನಂತೆ ಕಾಕೀಸಾ, ಕರೆದುಕೊಂಡು ಹೋಗ್ತೀನಿ ಎಂದುಬಿಟ್ಟ.

ಮದುವೆಯೆಂದರೆ ಅವಳದು ಅಂಥ ಮದುವೆ. ಆ ವರ್ಷ ಗಡಿಯಲ್ಲಿ ಯುದ್ಧದ ಮೋಡ ಕವಿದು, ಪಲ್ಟನ್ನಿನಲ್ಲಿದ್ದ ಮದುಮಗ ಅಖೇಸಿಂಗನ ರಜೆ ರದ್ದಾಯಿತು. ಮುಹೂರ್ತ ತಪ್ಪಿಸುವ ಹಾಗಿಲ್ಲ, ಹೆಣ್ಣಿನ ಕಡೆ ಎಣ್ಣೆ ಅರಿಶಿನ ಹಚ್ಚಿ ಆಗಿದೆ. ಇಂಥ ಹೊತ್ತಿಗೆ ಠಾಕೂರರ ಮನೆಗಳಲ್ಲಿ ಹಿಂದಿನಿಂದಲೂ ಒಂದು ದಾರಿಯಿತ್ತು. ಮದುಮಗನ ಬದಲು ಅವನ ಕತ್ತಿ ದಿಬ್ಬಣ ಹೋಗುತ್ತದೆ. ಯಾರ ಕತ್ತಿಯ ಜೊತೆ ಹೆಣ್ಣು ಬೆಂಕಿಯನ್ನು ಸುತ್ತುತ್ತಾಳೋ ಅವನು ಅವಳ ಗಂಡ. ಅದರಲ್ಲಿ ಎರಡು ಮಾತಿಲ್ಲ. ಕೆಂಪು ಬಟ್ಟೆ ಸುತ್ತಿದ ಕತ್ತಿಯನ್ನು ಪುರೋಹಿತ ಎರಡೂ ಕೈಯಲ್ಲಿ ಹಿಡಿದು ಮುಂದೆ ನಡೆದ, ಅವಳ ಓಢಣಿಯ ತುದಿಯನ್ನು ಆ ಬಟ್ಟೆಗೆ ಗಂಟು ಹಾಕಿದ್ದರು. ಮುಸುಕಿನೊಳಗಿಂದ ಅವಳಿಗೆ ಕಂಡದ್ದು ಕತ್ತಿಯ ಹಿಡಿಯೊಂದೇ. ಬಟ್ಟೆ ಅಲ್ಲಿ ಸರಿದಿತ್ತು. ಬೆರಳಿಗೆ ಏಟು ಬೀಳದ ಹಾಗೆ ಇರುವ ಬಾಗಿದ ಪಟ್ಟಿಯ ಮೇಲೆ ಹುಣಸೆಬೀಜದಷ್ಟು ದೊಡ್ಡ ಹಿತ್ತಾಳೆಯ ತೇಪೆ ಬೆಂಕಿಯ ಬೆಳಕಿಗೆ ಮಿನುಗುತ್ತಿತ್ತು. ಏಳು ಸುತ್ತೂ ಅವಳು ಅದನ್ನೇ ನೋಡಿಕೊಂಡು ನಡೆದಳು.

ಗಂಡನ ಮನೆಗೆ ಬಂದಳು. ರಜೆ ಸಿಕ್ಕ ಕೂಡಲೇ ಬರುತ್ತಾರೆ ಎಂದರು. ಬಂದದ್ದು ತಂತಿ. ಅಂಗಳದಲ್ಲಿ ಕೂರಿಸಿ ಅವಳ ದಂತದ ಬಳೆಗಳನ್ನು ಕಲ್ಲಿಗೆ ಹೊಡೆದು ಒಡೆದರು. ಆಮೇಲೆ ಕತ್ತಿ ಗಂಡಸರ ಕಡೆಯ ಚಾವಡಿಗೆ ಹೋಯಿತು, ಅವಳು ಹಿಂದಿನ ಕೋಣೆಗೆ ಹೋದಳು. ಪ್ರತಿ ದಸರೆಗೆ ಆಯುಧಪೂಜೆ ನಡೆಯುವಾಗ ಜಾಲಂಧ್ರಕ್ಕೆ ಕಣ್ಣು ಹಚ್ಚಿ ನಿಲ್ಲುತ್ತಿದ್ದಳು. ಚೆಂಡುಹೂವಿನ ರಾಶಿಯಲ್ಲಿ ಯಾವುದು ತನ್ನದೆಂದು ಅಷ್ಟು ದೂರದಿಂದ ತಿಳಿಯುತ್ತಿರಲಿಲ್ಲ. ಹತ್ತಿರ ಹೋಗುವಂತಿರಲಿಲ್ಲ, ವಿಧವೆಯ ನೆರಳು ಶಸ್ತ್ರದ ಮೇಲೆ ಬೀಳಬಾರದು ಎಂದು ಓರಗಿತ್ತಿ ಗುಮಾನ್ ಕಂವರ್ ಕಟ್ಟುನಿಟ್ಟು ಮಾಡಿದ್ದಳು. ಗೋಡೆಯಾಚೆ ಗಂಡನಿದ್ದಾನೆ ಎಂದುಕೊಂಡೇ ಸಾಯರ್ ಕಂವರ್ ಬಾಳಿದಳು. ಕೇಳಿದವರಿಗೆ ಹುಚ್ಚು ಅನಿಸಬಹುದು. ಗಂಡನೆಂದು ಅವಳಿಗೆ ಸಿಕ್ಕಿದ್ದು ಅದೊಂದೇ ಆಗಿದ್ದಾಗ ಇನ್ನೇನನ್ನು ನೆನೆಯಬೇಕಿತ್ತು? ಸಮವಸ್ತ್ರದಲ್ಲಿದ್ದ ಒಂದು ಫೋಟೋ ಇತ್ತು, ನಿಜ. ಫೋಟೋದ ಜೊತೆ ಅವಳು ಬೆಂಕಿ ಸುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಜೇಠ್ ಮನೆಯ ಆಯುಧಗಳನ್ನೆಲ್ಲ ಸಿಲೇಖಾನೆಗೆ ಕೊಟ್ಟುಬಿಟ್ಟಾಗ ಅವಳು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಯಾರೂ ಗಮನಿಸಲಿಲ್ಲ. ವಿಧವೆ ಉಪವಾಸವಿದ್ದರೆ ವ್ರತವೆಂದು ತಿಳಿಯುತ್ತಾರೆ, ಅಷ್ಟೆ.

ಹೊರಡುವ ಹಿಂದಿನ ದಿನದವರೆಗೂ ಗುಮಾನ್ ಕಂವರ್ ಇದಕ್ಕೆ ಅಡ್ಡ ನಿಂತಿದ್ದಳು. ಎಲ್ಲಿಯಾದರೂ ಉಂಟೇ, ಊರು ನಗುತ್ತದೆ, ನಿನಗೆ ಬುದ್ಧಿ ಬೇಡವೇ ಎಂದು ಮಗನ ತಲೆ ತಿಂದಳು. ಬೆಳಿಗ್ಗೆ ನೋಡಿದರೆ ಎಲ್ಲರಿಗಿಂತ ಮೊದಲು ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮಂಡಿನೋವಿನವಳು ಹತ್ತಿದ್ದಾದರೂ ಹೇಗೆ ಎಂದು ನಾಹರನಿಗೆ ಆಶ್ಚರ್ಯ. ಮಾಸಾ, ನೀವ್ಯಾಕೆ ಎಂದು ತಾಯಿಯನ್ನು ಕೇಳಿದ್ದಕ್ಕೆ, ನನ್ನ ಗಂಡಂದೂ ಕತ್ತಿ ಅಲ್ಲೇ ಇದೆಯಲ್ಲಪ್ಪ, ಅವಳೊಬ್ಬಳಿಗೇ ಹಕ್ಕೇನು ಎಂದು ಮುಖ ತಿರುಗಿಸಿದಳು. ಹಿಂದೆ ಕೂತ ಸಾಯರ್ ಕಂವರ್ ಮಡಿಲಲ್ಲಿ ಹಿತ್ತಾಳೆ ತಟ್ಟೆ ಇಟ್ಟುಕೊಂಡು, ಕುಂಕುಮ ಚೆಲ್ಲದ ಹಾಗೆ ಅಂಗೈ ಮುಚ್ಚಿದ್ದಳು. ಮದುವೆಯ ಹುಡುಗಿಗೆ ಆಗುವಂಥ ಭಯ ಈ ವಯಸ್ಸಿನಲ್ಲಿ ಮತ್ತೆ ಎದ್ದಿತ್ತು, ಅದಕ್ಕೆ ಅವಳಿಗೆ ನಾಚಿಕೆಯೂ ಆಗುತ್ತಿತ್ತು.

ಸಿಲೇಖಾನೆಯ ಒಳಗೆ ಕತ್ತಲೆ ಕತ್ತಲೆ. ಬಾಗಿಲ ಎದುರಿಗೇ ಮರದ ಕುದುರೆ, ಅದರ ಮೂತಿಗೆ ಆನೆಯ ಸೊಂಡಿಲಿನ ಮುಖವಾಡ. ಗೋಡೆಗುಂಟ ಸರಪಳಿ ಅಂಗಿಗಳನ್ನು ತಲೆಯಿಲ್ಲದ ಮರದ ಬೊಂಬೆಗಳಿಗೆ ತೊಡಿಸಿ ನಿಲ್ಲಿಸಿದ್ದರು. ಕೆಲವುಗಳ ಎದೆಯ ಹತ್ತಿರ ಕೊಂಡಿಗಳು ಹರಿದು ತೂತು ಬಿದ್ದಿತ್ತು. ಆ ತೂತು ಹೇಗಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೊರಗೆ ಅಷ್ಟು ಗದ್ದಲ ಮಾಡುತ್ತಿದ್ದ ಗಂಡಸರು ಅವುಗಳ ಮುಂದೆ ಮಾತ್ರ ಬೇಗ ಬೇಗ ದಾಟಿ ಹೋಗುತ್ತಿದ್ದರು. ಸಾಯರ್ ಕಂವರ್ ದಾಟಲಿಲ್ಲ. ಒಂದೊಂದು ಅಂಗಿಯ ಮುಂದೆಯೂ ನಿಂತು, ಇದನ್ನು ಬಿಚ್ಚಿಕೊಳ್ಳಲು ಇವನು ಮನೆಗೆ ಬಂದನೋ ಇಲ್ಲವೋ, ಕಾದವಳು ಒಬ್ಬಳಿದ್ದಳೋ ಏನೋ ಎಂದುಕೊಂಡು ಮುಂದೆ ಸಾಗಿದಳು.

ಖೇಡಲಿಯವರ ಕಪಾಟು ಹಿಂದಿನ ಕೋಣೆಯಲ್ಲಿತ್ತು. ಇನ್ನೂ ಬೀಗ ತೆಗೆದಿರಲಿಲ್ಲ. ನಾಹರ್ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದ. ಕೆಂಪು ಮಖಮಲ್ಲಿನ ಒರೆಯ ಪಕ್ಕ ಇಟ್ಟಿದ್ದದ್ದು ಕಾಕೋಸಾನ, ಅಂದರೆ ಚಿಕ್ಕಪ್ಪನ ಕತ್ತಿಯೆಂದ. ಸಾಯರ್ ಕಂವರ್ ಬಗ್ಗಿ ನೋಡಿದಳು. ಚೆಂದದ ಕತ್ತಿ. ಹಿಡಿಯ ತುಂಬ ಬೆಳ್ಳಿಯ ಬಳ್ಳಿ, ಒಂದೆಳೆಯೂ ಸವೆದಿಲ್ಲ. ತೇಪೆ ಇಲ್ಲ.

ಕಣ್ಣು ಮಂಜಾಗಿರಬೇಕೆಂದು ಒರೆಸಿಕೊಂಡು ಮತ್ತೆ ನೋಡಿದಳು. ಬೆರಳಿನ ಪಟ್ಟಿ ನುಣುಪಾಗಿತ್ತು. ಅವಳ ದೃಷ್ಟಿ ತಾನಾಗಿಯೇ ಪಕ್ಕಕ್ಕೆ ಸರಿಯಿತು. ಕರಿಯ ಒರೆಯ ಪಕ್ಕ ಇನ್ನೊಂದು ಕತ್ತಿ. ಅದರ ಬಾಗಿದ ಪಟ್ಟಿಯ ಮೇಲೆ ಹುಣಸೆಬೀಜದಷ್ಟು ಹಿತ್ತಾಳೆ.

ಇದು ಯಾರದು ಎಂದು ಕೇಳಿದಳು. ಬಾಪೂಸಾದು, ನಮ್ಮಪ್ಪನದು ಎಂದ ನಾಹರ್. ಇಡುವಾಗ ಅದಲುಬದಲಾಗಿರಬೇಕು ಎಂದು ಅವಳು ಮೆಲ್ಲಗೆ ಹೇಳಿದಳು. ಅವನು ನಕ್ಕುಬಿಟ್ಟ. ಇಡಿಸಿದವರೇ ಬಾಪೂಸಾ, ಇದು ನನ್ನದು, ಅದು ತಮ್ಮನದು, ತಪ್ಪಬಾರದು ನೋಡು ಎಂದು ಸಿಲೇಖಾನೆ ನೋಡಿಕೊಳ್ಳುವ ದರೋಗಾನಿಗೆ ಎರಡೆರಡು ಸಲ ಹೇಳಿದ್ದರಂತೆ. ಕೀಲಿಗೊಂಚಲು ಹಿಡಿದ ದರೋಗಾ ಮುಂದಿನ ಕೋಣೆಯಲ್ಲೇ ಜನರ ಕೈಗೆ ಸಿಕ್ಕಿಬಿದ್ದಿದ್ದ. ಅವನನ್ನು ಎಳೆದುಕೊಂಡು ಬರುತ್ತೇನೆಂದು ನಾಹರ್ ಹೋದ.

ಇಬ್ಬರೇ ಉಳಿದರು. ಗುಮಾನ್ ಕಂವರ್ ಗೋಡೆಯ ಬೆಂಚಿನ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಒರೆಯ ಅಂಟು ಒಣಗಿರಲಿಲ್ಲ, ಭಟಿಯಾಣಿ."

ತವರಿನ ಕುಲ ಹಿಡಿದು ಅವಳು ಓರಗಿತ್ತಿಯನ್ನು ಹಾಗೆಯೇ ಕರೆಯುತ್ತಿದ್ದದ್ದು. ಸಾಯರ್ ಕಂವರ್ ತಿರುಗಿ ನೋಡಿದಳು.

ಮದುವೆಗೆಂದು ಮಾವ ಕಿರಿಮಗನ ಕತ್ತಿಯನ್ನು ಆಯುಧ ಉಜ್ಜುವ ಸಿಕಲೀಗರನ ಹತ್ತಿರ ಕೊಟ್ಟಿದ್ದರಂತೆ. ಸಾಣೆ ಹಿಡಿದು, ಹೊಸ ಮಖಮಲ್ಲಿನ ಒರೆ ಕಟ್ಟಬೇಕು. ಚಳಿಗೆ ಅಂಟು ಒಣಗಲಿಲ್ಲ. ದಿಬ್ಬಣದ ಕುದುರೆ ಅಂಗಳದಲ್ಲಿ ಕಾಲು ಕೆರೆಯುತ್ತಿದೆ, ಸಿಕಲೀಗರ ಇನ್ನೊಂದು ದಿನ ಎನ್ನುತ್ತಾನೆ. ಒರೆಯಿಲ್ಲದ ಬೆತ್ತಲೆ ಕತ್ತಿ ಮದುವೆಗೆ ಹೋಗುವಂತಿಲ್ಲ. ಮಾವ ಹಿರಿಮಗನ ಸೊಂಟದಿಂದ ಕತ್ತಿ ಬಿಚ್ಚಿಸಿದರು. ಒಂದೇ ಮನೆ, ಒಂದೇ ರಕ್ತ, ಬಟ್ಟೆ ಸುತ್ತಿದರೆ ಯಾರಿಗೆ ಗೊತ್ತಾಗುತ್ತದೆ ಎಂದರು. ಬಟ್ಟೆ ಸುತ್ತಲು ಹಿರಿಸೊಸೆಯನ್ನೇ ಕರೆದರು.

"ನನ್ನ ಕೈಯಿಂದಲೇ ಸುತ್ತಿದೆ," ಎಂದಳು ಗುಮಾನ್ ಕಂವರ್. "ನನಗೆ ಆಗ ಹತ್ತೊಂಬತ್ತು. ನಾಹರ್ ಹೊಟ್ಟೆಯಲ್ಲಿದ್ದ. ಮಾವನ ಮುಂದೆ ಬಾಯಿ ತೆಗೆಯೋ ಧೈರ್ಯ ಯಾರಿಗಿತ್ತು ಹೇಳು. ಹಿಡಿ ಹತ್ರ ಸರಿಯಾಗಿ ಸುತ್ತಲಿಲ್ಲ ಅಂತ ಕಾಣತ್ತೆ."

ಸಾಯರ್ ಕಂವರಳಿಗೆ ಮೊದಲು ಏನೂ ಅನಿಸಲಿಲ್ಲ. ಆಮೇಲೆ ಜೇಠನ ಮೇಲೆ ಸಿಟ್ಟು ಬಂತು. ಜೇಠ್ ಅಂಗಳಕ್ಕೆ ಬರುವ ಮುಂಚೆ ಹೊರಗಿನಿಂದಲೇ ಕೆಮ್ಮುತ್ತಿದ್ದ. ಕೆಮ್ಮು ಕೇಳಿದೊಡನೆ ಅವಳು ಮುಸುಕು ಎದೆಯವರೆಗೆ ಎಳೆದು ಗೋಡೆಗೆ ತಿರುಗಿ ನಿಲ್ಲುತ್ತಿದ್ದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವನು ಅವಳ ಮುಖ ನೋಡಿರಲಿಲ್ಲ. ಅವಳು ನೋಡಿದ್ದು ಅವನ ಚಪ್ಪಲಿಗಳನ್ನು. ಅವನು ಸತ್ತಾಗ ತಮ್ಮನ ಹೆಂಡತಿ ಅಳಬೇಕಾದಷ್ಟು ಅತ್ತು, ಅಡುಗೆಮನೆಗೆ ಹೋಗಿ ಬಂದ ನೆಂಟರಿಗೆ ಸಜ್ಜೆರೊಟ್ಟಿ ಬಡಿದಿದ್ದಳು.

"ನನ್ನ ಬಳೆ ಒಡೆದಾಗ ಅವರು ಅಂಗಳದಲ್ಲೇ ನಿಂತಿದ್ರಲ್ಲ, ಜೀಜೀಸಾ," ಎಂದಳು.

"ನಿಂತಿದ್ರು."

"ಅವರಿಗೆ ಗೊತ್ತಿತ್ತಾ?"

"ಅವರ ಕತ್ತಿ ಅವರಿಗೆ ಗೊತ್ತಿರಲ್ವಾ? ಕುದುರೆ ಮೇಲೆ ಅದನ್ನ ನಿಮ್ಮೂರಿಗೆ ತಂದೋರೂ ಅವರೇ." ಗುಮಾನ್ ಕಂವರ್ ಉಸಿರು ಎಳೆದುಕೊಂಡಳು. "ಆವತ್ತಿನಿಂದ ಅದನ್ನ ಸೊಂಟಕ್ಕೆ ಕಟ್ಟಲಿಲ್ಲ. ಹಬ್ಬಕ್ಕೂ ಕಟ್ಟಲಿಲ್ಲ. ಕೊನೆಗೆ ಮನೇಲಿ ಇಟ್ಟುಕೊಳ್ಳೋಕೆ ಆಗಲ್ಲ ಅಂತ ತಂದು ಇಲ್ಲಿ ಇಟ್ಟರು. ನನ್ನ ಹತ್ರಾನೂ ಒಂದು ಮಾತು ಆಡಲಿಲ್ಲ. ನಾನೂ ಕೇಳಲಿಲ್ಲ."

"ನೀವು ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀನು ನನಗೆ ಸವತಿ ಆಗ್ತಿದ್ದೆ, ಭಟಿಯಾಣಿ. ಹೇಳದೆ ಇದ್ದದ್ದಕ್ಕೆ ಓರಗಿತ್ತಿ ಆದೆ."

ಗುಮಾನ್ ಕಂವರಳ ಮಾತು ಸುಳ್ಳಲ್ಲ. ಹತ್ತೊಂಬತ್ತರ ಬಸುರಿ, ಹೊಸಿಲಿನೊಳಗೆ ಹದಿನೇಳರ ಇನ್ನೊಬ್ಬಳು, ಇಬ್ಬರಿಗೂ ಒಂದೇ ಕತ್ತಿ. ಯಾವ ಹೆಣ್ಣಾದರೂ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಆದರೆ ಬೀಗ ಹಾಕಿದ್ದು ತನ್ನ ಬಾಯಿಗೆ ಮಾತ್ರವೇ? ವಿಧವೆಯ ನೆರಳು ಎಂಬ ಮಾತು ಈಗ ನೆನಪಾಗಿ ಸಾಯರ್ ಕಂವರಳ ಮೈ ಉರಿಯಿತು. ಬೇರೆ ಮನೆಗಳಲ್ಲಿ ವಿಧವೆಯರು ಶಸ್ತ್ರಪೂಜೆಯ ಚಾವಡಿಯ ಮೂಲೆಯಲ್ಲಾದರೂ ಕೂತಿರುತ್ತಿದ್ದರು. ಖೇಡಲಿಯಲ್ಲಿ ಮಾತ್ರ ಜಾಲಂಧ್ರ.

ನಾನು ಗುರುತು ಹಿಡಿದುಬಿಡುತ್ತೇನೆ ಅಂತ ತಾನೇ ನೆರಳಿನ ಕಥೆ ಕಟ್ಟಿದ್ದು ಎಂದು ಕೇಳಿದಳು. ಗುಮಾನ್ ಕಂವರ್ ಹೌದೆಂದು ತಲೆಯಾಡಿಸಿದಳು. ಆಮೇಲೆ ಬೆಂಚಿನಿಂದ ಕಷ್ಟಪಟ್ಟು ಎದ್ದು ಬಂದು ತಟ್ಟೆಯ ಅಂಚು ಹಿಡಿದಳು. ಯಾರ ಹತ್ತಿರವೂ ಬೇಡಿ ಅಭ್ಯಾಸವಿಲ್ಲದವಳು.

"ಅದಕ್ಕೆ ತಿಲಕ ಇಡಬೇಡ. ಇಟ್ಟರೆ ನಾಹರ್ ಯಾಕೆ ಅಂತ ಕೇಳ್ತಾನೆ. ನನಗೆ ಈಗ ಉಳಿದಿರೋದು ಅವರ ಹೆಸರು ಒಂದೇ. ಅದನ್ನೂ ಪಾಲು ಕೇಳಬೇಡ."

ಪಾಲಂತೆ. ಒಂದು ಹಗಲು, ಒಂದು ಮಾತು, ಒಂದು ಜಗಳವನ್ನಾದರೂ ಪಾಲು ಪಡೆಯದವಳ ಮುಂದೆ ನಿಂತು ಈ ಹೆಂಗಸು ಪಾಲಿನ ಮಾತಾಡುತ್ತಿದ್ದಾಳಲ್ಲ ಎಂದು ಸಾಯರ್ ಕಂವರಳಿಗೆ ನಗು ಬಂದಂತಾಯಿತು. ಬಂದದ್ದು ನಗುವಾಗಿರಲಿಲ್ಲ. ಅವಳು ಓಢಣಿಯನ್ನು ಬಾಯಿಗೆ ಒತ್ತಿ ಹಿಡಿದಳು.

ಅಷ್ಟರಲ್ಲಿ ದರೋಗಾ ಲೂಣಕರಣ್ ಕೀಲಿ ಝಣಝಣಿಸುತ್ತ ಬಂದ, ಹಿಂದೆ ನಾಹರ್. ಹೆಂಗಸರು ಬಂದು ತಿಲಕವಿಡುವುದು ಇದೇ ಮೊದಲು, ಮಾಜೀಸಾ, ಬೇಗ ಮುಗಿಸಿಬಿಡಿ, ಆ ಚಾಂಪಾವತರ ಮನೆತನದವರು ಬಂದರೆ ನನ್ನ ಪ್ರಾಣ ತೆಗೆಯುತ್ತಾರೆ ಎಂದು ಗೊಣಗುತ್ತ ಬೀಗ ತೆಗೆದ. ಗಾಜಿನ ಬಾಗಿಲು ತೆರೆಯುತ್ತಲೇ ಎಣ್ಣೆ, ಹಳೆಯ ತೊಗಲಿನ ವಾಸನೆ ಬಂತು.

ಸಾಯರ್ ಕಂವರ್ ಮುಂದೆ ನಡೆದಳು. ತೇಪೆಯ ಕತ್ತಿ ಅವಳ ಕಡೆಗೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಗುಮಾನ್ ಕಂವರಳ ಉಸಿರು ಅವಳ ಹೆಗಲ ಹಿಂದೆಯೇ ಕೇಳುತ್ತಿತ್ತು. ಬೆರಳು ಕುಂಕುಮದಲ್ಲಿ ಅದ್ದಿ, ಮೇಲೆತ್ತಿ, ಅಲ್ಲೇ ನಿಂತಳು. ಎಷ್ಟು ವರ್ಷ ಬೇಡಿಕೊಂಡ ಗಳಿಗೆ ಇದು. ಆದರೆ ಇದು ಕೆಮ್ಮಿ ಒಳಗೆ ಬರುತ್ತಿದ್ದ ಆ ಮುದುಕನ ಕತ್ತಿ. ಎಲ್ಲ ಗೊತ್ತಿದ್ದೂ ಅಂಗಳದಲ್ಲಿ ನಿಂತು ತನ್ನ ಬಳೆ ಒಡೆಯುವುದನ್ನು ನೋಡಿದವನ ಕತ್ತಿ. ಅವನನ್ನು ಗಂಡನೆನ್ನಲು ಅವಳ ಮನಸ್ಸು ಒಪ್ಪಲಿಲ್ಲ. ಗಂಡನಲ್ಲವೆನ್ನಲು ಬೆಂಕಿಯೇ ಸಾಕ್ಷಿಯಾಗಿತ್ತು.

ಪಕ್ಕದಲ್ಲಿ ಕೆಂಪು ಒರೆಯ ಕತ್ತಿ. ಅದು ಯಾವ ಮದುವೆಗೂ ಹೋಗಲಿಲ್ಲ, ಯಾವ ಬೆಂಕಿಯನ್ನೂ ಸುತ್ತಲಿಲ್ಲ. ಫೋಟೋದಲ್ಲಿ ಇಪ್ಪತ್ತೆರಡರ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಊರಲ್ಲಿ ತನಗೊಬ್ಬಳು ಹೆಂಡತಿ ಕಾದಿದ್ದಾಳೆಂದು ನಂಬಿಕೊಂಡೇ ಗಡಿಯ ಮರಳಿನಲ್ಲಿ ಸತ್ತಿರಬೇಕು. ಪಾಪ, ಅವನಿಗೂ ಮೋಸವೇ ಆಗಿತ್ತು. ತನಗಿಂತ ದೊಡ್ಡ ಮೋಸ, ಯಾಕೆಂದರೆ ಅವನಿಗೆ ತಿಳಿಯಲೂ ಇಲ್ಲ. ಅವಳಿಗೆ ಮಕ್ಕಳಿದ್ದಿದ್ದರೆ ಆ ವಯಸ್ಸಿನ ಮೊಮ್ಮಗನಿರುತ್ತಿದ್ದ.

ಅವಳ ಬೆರಳು ಕೆಂಪು ಒರೆಯ ಕತ್ತಿಯ ಹಿಡಿಗೆ ಇಳಿಯಿತು. ತಿಲಕವಿಟ್ಟಳು, ಅಕ್ಕಿಕಾಳು ಅಂಟಿಸಿದಳು, ದಾರ ಕಟ್ಟಿದಳು. ಹಣೆ ಮುಟ್ಟಿಸಿ ನಮಸ್ಕರಿಸಲಿಲ್ಲ. ಗಂಡನ ಶಸ್ತ್ರಕ್ಕೆ ಹೆಂಡತಿ ಮಾಡುವ ಹಾಗೆ ಮಾಡಲಿಲ್ಲ. ಪರವೂರಿಗೆ ಹೊರಟ ಹುಡುಗನಿಗೆ ಮನೆಯ ಹಿರಿಯಳು ಮಾಡುವಂತೆ ಅದರ ಮೇಲೆ ಅಂಗೈಯಿಟ್ಟು, ಕೈಯನ್ನು ತನ್ನ ಕಿವಿಯ ಪಕ್ಕಕ್ಕೆ ತಂದು ಬೆರಳುಗಳ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಹಿಂದೆ ಗುಮಾನ್ ಕಂವರ್ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟದ್ದು ಕೇಳಿಸಿತು. ತೇಪೆಯ ಕತ್ತಿಯನ್ನು ಸಾಯರ್ ಕಂವರ್ ಮುಟ್ಟಲಿಲ್ಲ.

ಸಮಾಧಾನವಾಯಿತೇ ಕಾಕೀಸಾ ಎಂದು ನಾಹರ್ ಕೇಳಿದ. ಅವಳು ಉಳಿದ ಕುಂಕುಮವನ್ನು ಕಾಗದದಲ್ಲಿ ಮಡಿಸುತ್ತ ಹೇಳಿದಳು:

"ನಾಹರ್, ಅಖೇಸಿಂಗನಿಗೆ ಮನೇಲಿ ಪಿತರನ ಬೆಳ್ಳಿ ತಗಡು ಮಾಡಿಸಿಡು. ಇಷ್ಟು ವರ್ಷ ಮಾಡಿಸದೆ ಇದ್ದದ್ದು ತಪ್ಪಾಯ್ತು."

ನಾಹರ್ ತಬ್ಬಿಬ್ಬಾದ. ಕಾಕೀಸಾನ ಬಾಯಲ್ಲಿ ಆ ಹೆಸರು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗಂಡನ ಹೆಸರು ಹೇಳುವ ಹೆಂಗಸು ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಕೀಲಿ ಹಾಕುತ್ತಿದ್ದ ದರೋಗಾ ಕೂಡ ತಿರುಗಿ ನೋಡಿದ.

"ಅದು ಮದುವೆಯಾಗದೆ ಸತ್ತ ಗಂಡುಮಕ್ಕಳಿಗೆ ಮಾಡಿಸೋದಲ್ವಾ ಕಾಕೀಸಾ? ಕಾಕೋಸಾಗೆ ನೀವಿದ್ದೀರಲ್ಲ."

"ಅವನಿಗೆ ನಾನಿರಲಿಲ್ಲಪ್ಪ. ಯಾರೂ ಇರಲಿಲ್ಲ. ಮದುವೆಯಾಗದೆ ಹೋದ ಹುಡುಗ ಅವನು."

"ಹಾಗಾದ್ರೆ ನೀವು?" ಎಂದ ನಾಹರ್. ಅವನ ದನಿ ಸಣ್ಣದಾಗಿತ್ತು.

ಸಾಯರ್ ಕಂವರ್ ತಟ್ಟೆಯನ್ನು ಕಂಕುಳಿಗೆ ಸೇರಿಸಿಕೊಂಡು ಬಾಗಿಲ ಕಡೆ ತಿರುಗಿದಳು. "ನಾನು ಯಾರು ಅಂತ ನಿಮ್ಮ ಮಾಸಾನ ಕೇಳು. ಅವರಿಗೆ ಗೊತ್ತು."

ನಾಹರ್ ತಾಯಿಯ ಕಡೆ ನೋಡಿದ. ಗುಮಾನ್ ಕಂವರ್ ಓಢಣಿಯ ಅಂಚು ಹಿಡಿದು, ಹೆತ್ತ ಮಗನ ಮುಂದೆ, ಮುಸುಕನ್ನು ಎದೆಯವರೆಗೆ ಎಳೆದುಕೊಂಡು ಗೋಡೆಗೆ ತಿರುಗಿ ನಿಂತಳು.